ಮುಂದೆ ಹೋಗಬೇಡಿ ಎಂಬ ಮಾತಿನ ಧ್ವನಿ: ಬ್ರೌಸರಿನ ಎಚ್ಚರಿಕೆಯನ್ನು ಪಠ್ಯವಾಗಿ ಓದುವುದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)



ಗಡಿನಾಡಿನ ಪಠ್ಯಗಳು ಅಂದ ಕೂಡಲೇ ನಾವು ಶಾಸನ, ಪಾಡ್ದನ, ಯಕ್ಷಗಾನ ಪ್ರಸಂಗ, ಏಕೀಕರಣದ ಕವಿತೆ ಇವುಗಳ ಕಡೆಗೆ ಹೋಗುತ್ತೇವೆ. ನಾನು ಇವತ್ತು ಎತ್ತಿಕೊಂಡಿರುವುದು ಯಾರೂ ಓದಲು ಬಯಸದ ಒಂದು ಪಠ್ಯವನ್ನು. ಅದಕ್ಕೆ ಕರ್ತೃವಿನ ಹೆಸರಿಲ್ಲ. ಮುದ್ರಣದ ಹಂಗಿಲ್ಲ. ನಾವೆಲ್ಲ ಅದನ್ನು ನೋಡಿದ್ದೇವೆ, ದಾಟಿಯೂ ಇದ್ದೇವೆ. ಅದು, ನಾವು ಯಾವುದೋ ಜಾಲತಾಣಕ್ಕೆ ಹೋಗುವಾಗ ಬ್ರೌಸರು ನಡುವೆ ತಂದು ನಿಲ್ಲಿಸುವ ಭದ್ರತಾ ಎಚ್ಚರಿಕೆಯ ಪುಟ.

ಬಳಕೆದಾರರು ಕಡೆಗಣಿಸದಂಥ ಎಚ್ಚರಿಕೆಯನ್ನು ರೂಪಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಕಂಪ್ಯೂಟರ್ ವಿಜ್ಞಾನದವರು ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ. ಇದು ಸಾಹಿತ್ಯದ ಪ್ರಶ್ನೆಯೂ ಹೌದು. ಮಾತಿನಿಂದ ಒಬ್ಬ ಮನುಷ್ಯನನ್ನು ನಿಲ್ಲಿಸಲು ಹೊರಟ ಬರಹ ಇದು. ಯಾರು ಹೇಳುತ್ತಿದ್ದಾರೆ, ಯಾರಿಗೆ, ಯಾವ ಕ್ರಿಯಾರೂಪದಲ್ಲಿ, ಓದುಗ ಅದನ್ನು ಯಾಕೆ ನಂಬುತ್ತಾನೆ ಅಥವಾ ನಂಬುವುದಿಲ್ಲ, ಇವೆಲ್ಲ ನಮ್ಮ ವಿಭಾಗದ ಪ್ರಶ್ನೆಗಳೇ ಅಲ್ಲವೇ? ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಎಚ್ಚರಿಕೆಯನ್ನು ದಾಟಿ ಹೋಗುವವನು ಅದನ್ನು ಓದದವನಲ್ಲ. ಬಹಳ ಸಲ ಓದಿ, ಅದರ ಮಾತಿಗೂ ನಡೆಗೂ ಇರುವ ಅಂತರವನ್ನು ಕಂಡುಕೊಂಡವನು. ಆದ್ದರಿಂದ ತಿದ್ದಬೇಕಾದ್ದು ಮೊದಲು ಆ ಮಾತಿನ ಸಾಚಾತನವನ್ನು, ಆಮೇಲೆ ಅದರ ಬಣ್ಣವನ್ನು.

1. ಪುಟ ಬರುವುದು ಯಾಕೆ?

ಈ ವಿಷಯ ಹೊಸದಾಗಿರುವವರಿಗಾಗಿ ಎರಡು ಮಾತು. ಎಚ್‌ಟಿಟಿಪಿಎಸ್ ಎಂದು ಶುರುವಾಗುವ ವಿಳಾಸಕ್ಕೆ ಹೋದಾಗ ಆ ತಾಣ ನಮ್ಮ ಬ್ರೌಸರಿಗೆ ಒಂದು ಡಿಜಿಟಲ್ ಸರ್ಟಿಫಿಕೇಟ್ ತೋರಿಸಬೇಕು. ಬ್ರೌಸರು ಮುಖ್ಯವಾಗಿ ಮೂರು ಸಂಗತಿ ನೋಡುತ್ತದೆ: ಅದರಲ್ಲಿರುವ ಹೆಸರು ಈ ತಾಣದ್ದೇನಾ, ಅವಧಿ ಮುಗಿದಿಲ್ಲವಾ, ಕೊಟ್ಟ ಸಂಸ್ಥೆ ತನ್ನ ನಂಬಿಕೆಯ ಪಟ್ಟಿಯಲ್ಲಿ ಇದೆಯಾ. ಒಂದು ತಪ್ಪಿದರೂ ಎಚ್ಚರಿಕೆ ಬರುತ್ತದೆ. ನಡುದಾರಿಯಲ್ಲಿ ಯಾರಾದರೂ ಕೂತು, ನಾನೇ ನಿನ್ನ ಬ್ಯಾಂಕು ಅಂತ ನಟಿಸುತ್ತಿದ್ದರೂ ಅದೇ ಪುಟ. ತಾಣ ನೋಡಿಕೊಳ್ಳುವವರು ಸರ್ಟಿಫಿಕೇಟ್ ನವೀಕರಿಸಲು ಮರೆತಿದ್ದರೂ ಅದೇ ಪುಟ. ಕಳ್ಳನಿಗೂ ಮರೆಗುಳಿಗೂ ಒಂದೇ ಪಠ್ಯ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

2. ಓದುಗ ಸೋಮಾರಿಯೇ?

ಜನ ಎಚ್ಚರಿಕೆ ಓದುವುದಿಲ್ಲ, ಏನು ಬಂದರೂ ಒತ್ತಿಬಿಡುತ್ತಾರೆ ಎನ್ನುವುದು ಸಾಮಾನ್ಯ ನಂಬಿಕೆ. ಸಂಶೋಧನೆ ಇದನ್ನು ಅರ್ಧ ಮಾತ್ರ ಒಪ್ಪುತ್ತದೆ.

2008ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸರ್ಜ್ ಎಗೆಲ್‌ಮನ್, ಲೋರಿ ಕ್ರೇನರ್, ಜೇಸನ್ ಹಾಂಗ್ 60 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಮೋಸದ ಇಮೇಲ್‌ಗಳನ್ನು ಕಳಿಸಿ, ಬ್ರೌಸರಿನ ಎಚ್ಚರಿಕೆಗೆ ಜನ ಹೇಗೆ ನಡೆದುಕೊಳ್ಳುತ್ತಾರೆಂದು ನೋಡಿದರು. ಶೇ. 97 ಮಂದಿ ಕನಿಷ್ಠ ಒಂದು ಇಮೇಲಿಗಾದರೂ ಬಿದ್ದರು. ಆದರೆ ಕೆಲಸ ನಿಲ್ಲಿಸಿ ಉತ್ತರ ಕೇಳುವ ಎಚ್ಚರಿಕೆ ಬಂದಾಗ ಶೇ. 79 ಮಂದಿ ಅದನ್ನು ಪಾಲಿಸಿದರು. ಪಕ್ಕದಲ್ಲಿ ಸುಮ್ಮನೆ ಕಾಣಿಸಿ ಹೋಗುವ ಎಚ್ಚರಿಕೆಯನ್ನು ಪಾಲಿಸಿದ್ದು ಒಬ್ಬರೇ ಒಬ್ಬರು.

ಇದಕ್ಕಿಂತ ದೊಡ್ಡ ಅಳತೆ 2013ರದು. ದೇವದತ್ತ ಅಖಾವೆ ಮತ್ತು ಏಡ್ರಿಯನ್ ಪೋರ್ಟರ್ ಫೆಲ್ಟ್ ಅವರು ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಬಾರಿ ಕಾಣಿಸಿಕೊಂಡ ಎಚ್ಚರಿಕೆಗಳ ಲೆಕ್ಕ ತೆಗೆದರು. ಸರ್ಟಿಫಿಕೇಟ್ ಎಚ್ಚರಿಕೆಯನ್ನು ಕ್ರೋಮ್ ಬಳಕೆದಾರರು ಶೇ. 70.2 ಬಾರಿ ದಾಟಿ ಹೋಗಿದ್ದರು, ಫೈರ್‌ಫಾಕ್ಸ್‌ನಲ್ಲಿ ಶೇ. 33. ಆದರೆ ಈ ತಾಣದಲ್ಲಿ ಹಾನಿಕರ ತಂತ್ರಾಂಶ ಇದೆ ಎಂಬ ಎಚ್ಚರಿಕೆಯನ್ನು ದಾಟಿದ್ದು ಕ್ರೋಮ್‌ನಲ್ಲಿ ಶೇ. 23.2, ಫೈರ್‌ಫಾಕ್ಸ್‌ನಲ್ಲಿ ಶೇ. 7.2 ಮಾತ್ರ.

ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಳಕೆದಾರ ಎಲ್ಲವನ್ನೂ ಕಣ್ಣುಮುಚ್ಚಿ ಒತ್ತುವವನಾಗಿದ್ದರೆ ಎರಡೂ ಎಚ್ಚರಿಕೆಗೆ ಒಂದೇ ಅಂಕಿ ಬರಬೇಕಿತ್ತು. ಬಂದಿಲ್ಲ. ಅಂದರೆ ಅವನು ವ್ಯತ್ಯಾಸ ಮಾಡುತ್ತಿದ್ದಾನೆ. ಇನ್ನೂ ಸ್ವಾರಸ್ಯದ ಸಂಗತಿ ಏನೆಂದರೆ, ಹಾನಿಕರ ತಂತ್ರಾಂಶ ಮತ್ತು ಮೋಸದ ತಾಣಗಳ ಎಚ್ಚರಿಕೆಯನ್ನು ಹೆಚ್ಚು ದಾಟಿದವರಲ್ಲಿ ಲಿನಕ್ಸ್ ಬಳಸುವವರು, ಪರೀಕ್ಷಾರ್ಥ ಆವೃತ್ತಿ ಹಾಕಿಕೊಂಡವರು ಇದ್ದರು. ತಂತ್ರಜ್ಞಾನ ಬಲ್ಲವರೇ ಹೆಚ್ಚು ದಾಟಿದ್ದಾರೆ ಎಂದಾದರೆ ಇದನ್ನು ಅಜ್ಞಾನ ಅನ್ನಲಾಗದು.

3. ವಾಚ್ಯದಲ್ಲಿ ನಿಷೇಧ, ಧ್ವನಿಯಲ್ಲಿ ವಿಧಿ

ಇಲ್ಲಿ ಕಾವ್ಯಮೀಮಾಂಸೆಯಿಂದ ಒಂದು ಉಪಕರಣ ತೆಗೆದುಕೊಳ್ಳುತ್ತೇನೆ. ಆನಂದವರ್ಧನನ ಧ್ವನ್ಯಾಲೋಕದ ಮೊದಲ ಉದ್ಯೋತದ ಎರಡು ಪ್ರಾಕೃತ ಉದಾಹರಣೆಗಳು ನಮಗೆಲ್ಲ ಪಾಠದಲ್ಲಿ ಬಂದಿವೆ. ಮೊದಲನೆಯದರಲ್ಲಿ ಒಬ್ಬಳು ಧಾರ್ಮಿಕನಿಗೆ, ನಿನ್ನನ್ನು ಹೆದರಿಸುತ್ತಿದ್ದ ನಾಯಿಯನ್ನು ಸಿಂಹ ಕೊಂದಿದೆ, ಇನ್ನು ನಿಶ್ಚಿಂತೆಯಿಂದ ಓಡಾಡು ಎನ್ನುತ್ತಾಳೆ. ಮಾತು ಅನುಮತಿ, ಅರ್ಥ ನಿಷೇಧ: ನಾಯಿಗೆ ಹೆದರುವವನು ಸಿಂಹ ಇರುವಲ್ಲಿಗೆ ಹೋದಾನೇ? ಎರಡನೆಯದರಲ್ಲಿ ಇದು ತಲೆಕೆಳಗು. ಅತ್ತೆ ಎಲ್ಲಿ ಮಲಗುತ್ತಾಳೆ, ತಾನು ಎಲ್ಲಿ ಮಲಗುತ್ತೇನೆ ಎಂದು ದಾರಿಹೋಕನಿಗೆ ಹಗಲಲ್ಲೇ ತೋರಿಸಿ, ರಾತ್ರಿ ಬಂದು ನಮ್ಮ ಹಾಸಿಗೆಗೆ ಎಡವಬೇಡ ಎನ್ನುತ್ತಾಳೆ. ಮಾತು ನಿಷೇಧ, ಅರ್ಥ ಆಹ್ವಾನ.

ಬ್ರೌಸರಿನ ಎಚ್ಚರಿಕೆ ಈ ಎರಡನೆಯ ಜಾತಿಯ ಪಠ್ಯ. ವಾಚ್ಯದಲ್ಲಿ ಅದು ಅಪಾಯ ಅನ್ನುತ್ತದೆ. ಆದರೆ ಅದೇ ಪುಟದಲ್ಲಿ ಹೋಗುವ ದಾರಿಯನ್ನೂ ತೋರಿಸುತ್ತದೆ. ಓದುಗ ಒಂದು ಸರಳ ತರ್ಕ ಹೂಡುತ್ತಾನೆ: ನಿಜವಾಗಿಯೂ ಅಪಾಯವಿದ್ದರೆ ಇವರು ಬಿಡುತ್ತಲೇ ಇರಲಿಲ್ಲ. ಬಿಡುತ್ತಿದ್ದಾರೆ ಅಂದಮೇಲೆ ಇದು ಹೆದರಿಕೆಯ ಮಾತಲ್ಲ, ಹೊಣೆ ಜಾರಿಸಿಕೊಳ್ಳುವ ಮಾತು. ಮುಂದೆ ಏನಾದರೂ ಆದರೆ, ನಾವು ಹೇಳಿದ್ದೆವಲ್ಲ ಅನ್ನಲಿಕ್ಕೆ ಬರೆದಿಟ್ಟದ್ದು. ಬಸ್ಸಿನಲ್ಲಿ, ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು ಅಂತ ಬರೆದಿರುತ್ತದಲ್ಲ, ಆ ಜಾತಿಯ ಬರಹ. ಅದನ್ನು ಓದಿ ಯಾರೂ ಬಸ್ಸಿನಿಂದ ಇಳಿಯುವುದಿಲ್ಲ.

ಪಠ್ಯದ ಈ ಎರಡನೆಯ ಅರ್ಥ ಅಧಿಕೃತವಾಗಿಯೇ ಕ್ರೋಮ್ ಒಳಗೆ ಅಡಗಿ ಕೂತಿದೆ. ಕೆಲವು ಎಚ್ಚರಿಕೆಗಳಲ್ಲಿ ಮುಂದೆ ಹೋಗುವ ಗುಂಡಿಯೇ ಇರುವುದಿಲ್ಲ. ಆದರೆ ಆ ಪುಟದ ಮೇಲೆ ದಿಸ್‌ಈಸ್‌ಅನ್‌ಸೇಫ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಜಾಗ ಬಿಡದೆ ಟೈಪಿಸಿದರೆ ಬಾಗಿಲು ತೆರೆಯುತ್ತದೆ. ಇದಕ್ಕೂ ಮೊದಲು ಬ್ಯಾಡ್‌ಐಡಿಯಾ ಎಂಬ ಪದ ಇತ್ತು. ಇದು ಅಪಾಯ ಎಂದು ಉಚ್ಚರಿಸಿದವನಿಗೇ ಅಪಾಯದೊಳಗೆ ಪ್ರವೇಶ. ಎಂಜಿನಿಯರುಗಳು ತಮ್ಮತಮ್ಮೊಳಗೆ ಇಟ್ಟುಕೊಂಡ ಮಂತ್ರ ಇದು. ಸಾಮಾನ್ಯ ಓದುಗನಿಗೆ ನಿಷೇಧ, ಮಂತ್ರ ಬಲ್ಲವನಿಗೆ ವಿಧಿ.

4. ಬಣ್ಣ ಗೆದ್ದಿತು, ಮಾತು ಸೋತಿತು

ಹಾಗಾದರೆ ಪಠ್ಯವನ್ನು ಬಲಪಡಿಸಲು ಏನು ಮಾಡಿದರು? ಚಿತ್ರದಿಂದ ಶುರು ಮಾಡೋಣ. 2008ರ ಫೈರ್‌ಫಾಕ್ಸ್ 3ರಲ್ಲಿ ಪಾಸ್‌ಪೋರ್ಟ್ ತಪಾಸಣೆ ಮಾಡುವ ಅಧಿಕಾರಿಯ ಚಿತ್ರ ಬಂತು. ಲ್ಯಾರಿ ಅಂತ ಅವನಿಗೆ ಹೆಸರು. 2014ರಲ್ಲಿ ಕ್ರೋಮ್ ತಂಡ ತನ್ನ ಎಚ್ಚರಿಕೆಯಲ್ಲಿ ಪೊಲೀಸ್, ಕಳ್ಳ, ಟ್ರಾಫಿಕ್ ದೀಪದ ಚಿತ್ರಗಳನ್ನು ಹಾಕಿ ಪರೀಕ್ಷಿಸಿತು. ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ತಲಪಾಡಿಯ ಚೆಕ್‌ಪೋಸ್ಟ್ ದಾಟಿ ದಿನಾ ಮಂಗಳೂರಿಗೆ ಹೋಗಿಬರುವ ನಮಗೆ ಇದು ಆಶ್ಚರ್ಯವಲ್ಲ. ನಿಲ್ಲಿಸುವುದು ಪೊಲೀಸನ ಚಿತ್ರವಲ್ಲ, ಅಡ್ಡಕ್ಕೆ ಹಾಕಿದ ಗೇಟು.

2015ರಲ್ಲಿ ಫೆಲ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಮುಖ್ಯ ಕೃತಿ. ನನ್ನ ಇಡೀ ಪ್ರಬಂಧ ಅದರ ಜೊತೆಗಿನ ಜಗಳವೂ ಹೌದು, ಗೌರವವೂ ಹೌದು. ಅವರು ಕ್ರೋಮ್‌ನ ಸರ್ಟಿಫಿಕೇಟ್ ಎಚ್ಚರಿಕೆಯನ್ನು ಹೊಸದಾಗಿ ಬರೆದರು. ಅವರ ಗುರಿ ಎರಡು. ಒಂದು, ಓದುಗನಿಗೆ ಅಪಾಯ ಏನೆಂದು ಅರ್ಥವಾಗಬೇಕು. ಎರಡು, ಅವನು ಹಿಂದಿರುಗಬೇಕು. ತಾಂತ್ರಿಕ ಪದ ತೆಗೆದರು, ವಾಕ್ಯ ಗಿಡ್ಡ ಮಾಡಿದರು, ಏನು ಕಳುವಾಗಬಹುದು ಅಂತ ಹೆಸರಿಸಿದರು. ಜೊತೆಗೆ ಹಿಂದಿರುಗುವ ಗುಂಡಿಯನ್ನು ಎದ್ದು ಕಾಣುವ ಬಣ್ಣದಲ್ಲಿ ಇಟ್ಟು, ಮುಂದೆ ಹೋಗುವ ದಾರಿಯನ್ನು ಇನ್ನೊಂದು ಗುಂಡಿಯ ಹಿಂದೆ ಮಂಕು ಅಕ್ಷರದಲ್ಲಿ ಅಡಗಿಸಿದರು. ಇದನ್ನು ಪಕ್ಷ ಹಿಡಿದ ವಿನ್ಯಾಸ ಎನ್ನಬಹುದು.

ಫಲಿತಾಂಶ? ಹೆಚ್ಚುಕಡಿಮೆ ಶೇ. 30ರಷ್ಟು ಹೆಚ್ಚು ಬಳಕೆದಾರರು ಹಿಂದಿರುಗಿದರು. ಆದರೆ ಅರ್ಥ ಮಾಡಿಸುವ ಗುರಿ ಕೈಗೂಡಲಿಲ್ಲ ಎಂದು ಅವರೇ ಪ್ರಾಮಾಣಿಕವಾಗಿ ಬರೆದರು. ಅಷ್ಟು ಜಾಗ್ರತೆಯಿಂದ ತಿದ್ದಿದ ವಾಕ್ಯಗಳು ಓದುಗನ ತಿಳಿವಳಿಕೆಯನ್ನು ಅವರು ಬಯಸಿದಷ್ಟು ಬದಲಿಸಲಿಲ್ಲ. ಕೆಲಸ ಮಾಡಿದ್ದು ಗುಂಡಿಯ ಬಣ್ಣ ಮತ್ತು ಜಾಗ.

ಎಂಜಿನಿಯರಿಗೆ ಇದು ಅರ್ಧ ಗೆಲುವು. ಜನ ಸುರಕ್ಷಿತವಾದರು ತಾನೇ? ನಿಜ, ಆ ಗೆಲುವು ಸಣ್ಣದಲ್ಲ. ನನಗೆ ಕಾಡುವುದು ಉಳಿದರ್ಧ. ಅರ್ಥವಾಗದೆ ಪಾಲಿಸಿದ ಓದುಗ, ಅರ್ಥವಾಗದೆಯೇ ಇನ್ನೊಬ್ಬರ ಮಾತನ್ನೂ ಪಾಲಿಸುತ್ತಾನೆ. ಒಂದು ಗುಂಡಿಯನ್ನು ಹೊಳೆಯಿಸಿ ಇನ್ನೊಂದನ್ನು ಮಂಕು ಮಾಡುವ ಇದೇ ತಂತ್ರವನ್ನು ಮಾರಾಟದ ತಾಣಗಳು ನಮ್ಮಿಂದ ಹಣ ಕೀಳಲು ಬಳಸುತ್ತವೆ. ಅದಕ್ಕೆ ಡಾರ್ಕ್ ಪ್ಯಾಟರ್ನ್ ಎಂಬ ಹೆಸರಿದೆ. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ತಡೆಯಲು ಮಾರ್ಗಸೂಚಿ ಹೊರಡಿಸಿತು. ಉದ್ದೇಶ ಬೇರೆ, ಒಪ್ಪುತ್ತೇನೆ. ಆದರೆ ಹೊಳೆಯುವ ಗುಂಡಿಯೇ ಸರಿಯಾದ ಗುಂಡಿ ಎಂದು ಓದುಗನ ಬೆರಳನ್ನು ಪಳಗಿಸಿದರೆ, ಕಳ್ಳನೂ ಒಂದು ಹೊಳೆಯುವ ಗುಂಡಿ ಮಾಡಿ ಇಡುತ್ತಾನೆ.

5. ತೋಳ ಬಂತು ತೋಳ

ಮಾತು ಯಾಕೆ ಸೋತಿತು? ನನ್ನ ಉತ್ತರ: ಬರೆದವರ ಕೈಗುಣ ಕಡಿಮೆಯಾಗಿ ಅಲ್ಲ. ಹೇಳುವವನ ಮಾತು ಮೊದಲೇ ಹಲವು ಸಲ ಸುಳ್ಳಾಗಿತ್ತು.

2009ರಲ್ಲಿ ಜೋಶುವಾ ಸನ್‌ಶೈನ್ ಮತ್ತು ಸಂಗಡಿಗರ ಅಧ್ಯಯನ ತೋಳ ಬಂತು ತೋಳ ಎಂಬ ಅರ್ಥದ ಶೀರ್ಷಿಕೆಯಲ್ಲೇ ಬಂತು. 400ಕ್ಕೂ ಹೆಚ್ಚು ಜನರ ಸಮೀಕ್ಷೆ, 100 ಜನರ ಮೇಲೆ ಪ್ರಯೋಗ. ಅವರು ಹೊಸದಾಗಿ ರೂಪಿಸಿದ ಎಚ್ಚರಿಕೆ ಹಳೆಯವಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಆದರೂ ಅವರ ಕೊನೆಯ ಸಲಹೆ, ಎಚ್ಚರಿಕೆಗಳನ್ನೇ ಆದಷ್ಟು ಕಡಿಮೆ ಮಾಡಿ ಎಂಬುದು. ಅಪಾಯವಿದ್ದರೆ ತಡೆಯಿರಿ, ಇಲ್ಲದಿದ್ದರೆ ಸುಮ್ಮನಿರಿ. ಅದೇ ವರ್ಷ ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಾಕ್ ಹರ್ಲಿ ಇನ್ನೂ ಮುಂದೆ ಹೋಗಿ, ಭದ್ರತಾ ಸಲಹೆಯನ್ನು ಜನ ತಳ್ಳಿಹಾಕುವುದು ಲೆಕ್ಕಾಚಾರದ ದೃಷ್ಟಿಯಿಂದ ಸರಿಯಾಗಿಯೇ ಇದೆ ಎಂದು ವಾದಿಸಿದರು. ಕಾಣಿಸುವ ಸರ್ಟಿಫಿಕೇಟ್ ದೋಷಗಳೆಲ್ಲ ಬಹುಪಾಲು ಹುಸಿಯಾಗಿರುವಾಗ, ಪ್ರತಿಯೊಂದಕ್ಕೂ ನಿಂತು ಯೋಚಿಸುವ ಸಮಯದ ಬೆಲೆಯೇ ಹೆಚ್ಚು.

2017ರ ಇನ್ನೊಂದು ಅಧ್ಯಯನ ಕ್ರೋಮ್‌ನಿಂದ ಬಂದ 30 ಕೋಟಿಗೂ ಹೆಚ್ಚು ದೋಷಗಳ ವರದಿಗಳನ್ನು ವಿಂಗಡಿಸಿತು. ಅರ್ಧಕ್ಕಿಂತ ಹೆಚ್ಚಿನವು ಬಳಕೆದಾರನ ಯಂತ್ರದ ಅಥವಾ ಸಂಪರ್ಕಜಾಲದ ತೊಂದರೆಗಳು. ಯಂತ್ರದ ಗಡಿಯಾರ ತಪ್ಪಾಗಿದ್ದರೆ ಒಳ್ಳೆಯ ಸರ್ಟಿಫಿಕೇಟ್ ಕೂಡ ಅವಧಿ ಮುಗಿದದ್ದಾಗಿ ಕಾಣುತ್ತದೆ. ರೈಲು ನಿಲ್ದಾಣದ ವೈಫೈ ಮೊದಲು ತನ್ನ ಲಾಗಿನ್ ಪುಟ ತೋರಿಸಲು ಹೋದಾಗಲೂ ದೋಷ ಬರುತ್ತದೆ. ಗಡಿಯಾರ ತಪ್ಪಿದವನಿಗೆ, ಕಳ್ಳರಿದ್ದಾರೆ ಎಂದರೆ ಅವನು ಎರಡನೆಯ ಸಲ ಯಾಕೆ ನಂಬುತ್ತಾನೆ? ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಮೆದುಳಿನ ಸ್ಕ್ಯಾನ್ ಮಾಡಿ 2015ರಲ್ಲಿ ತೋರಿಸಿದ್ದೂ ಇದನ್ನೇ: ಅದೇ ಎಚ್ಚರಿಕೆಯನ್ನು ಎರಡನೆಯ ಬಾರಿ ಕಂಡಾಗಲೇ ಮೆದುಳಿನ ದೃಶ್ಯಭಾಗದ ಸ್ಪಂದನೆ ತಗ್ಗುತ್ತದೆ.

ಇನ್ನು ಮೌನದ ಸುಳ್ಳು. 2014ರ ಜುಲೈಯಲ್ಲಿ, ಭಾರತದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರಿನ ಅಧಿಕಾರದಡಿ ಗೂಗಲ್‌ನ ಕೆಲವು ವಿಳಾಸಗಳಿಗೆ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಟಿದ್ದು ಬೆಳಕಿಗೆ ಬಂತು. ಮೈಕ್ರೋಸಾಫ್ಟಿನ ನಂಬಿಕೆಯ ಪಟ್ಟಿಯಲ್ಲಿ ಭಾರತ ಸರ್ಕಾರದ ಮೂಲ ಸರ್ಟಿಫಿಕೇಟ್ ಇದ್ದುದರಿಂದ ವಿಂಡೋಸ್‌ನ ಹೆಚ್ಚಿನ ತಂತ್ರಾಂಶಗಳು ಅಂಥವನ್ನು ನಂಬುವಂತಿದ್ದವು. ಫೈರ್‌ಫಾಕ್ಸ್‌ನದು ಬೇರೆಯೇ ಪಟ್ಟಿ, ಅದರಲ್ಲಿ ಇದು ಇರಲಿಲ್ಲ. ಅಂದರೆ ಯಾರನ್ನು ನಂಬಬೇಕೆಂಬುದು ಪಟ್ಟಿ ಮಾಡಿದವರ ತೀರ್ಮಾನ. ಎಚ್ಚರಿಕೆ ಬಾರದಿದ್ದರೆ ಎಲ್ಲ ಸರಿ ಎಂದೇನೂ ಇಲ್ಲ. ಬೀಗದ ಚಿಹ್ನೆಯ ಕತೆಯೂ ಅದೇ. ಅದು ಸಂಪರ್ಕ ಗುಪ್ತವಾಗಿದೆ ಅನ್ನುತ್ತದೆ, ಆ ಕಡೆ ಕೂತವನು ಒಳ್ಳೆಯವನು ಅನ್ನುವುದಿಲ್ಲ. ಗೂಗಲ್‌ನ 2021ರ ಅಧ್ಯಯನದಲ್ಲಿ ಇದನ್ನು ಸರಿಯಾಗಿ ಹೇಳಿದವರು ಶೇ. 11 ಮಾತ್ರ. 2023ರಲ್ಲಿ ಕ್ರೋಮ್ ಆ ಬೀಗವನ್ನೇ ತೆಗೆದು ಬೇರೆ ಚಿಹ್ನೆ ಇಟ್ಟಿತು.

6. ಕನ್ನಡದಲ್ಲಿ ಎಚ್ಚರಿಸುವುದು

ಈಗ ನಮ್ಮ ಮನೆಯ ವಿಷಯ. ಕ್ರೋಮ್‌ನ ಇಂಗ್ಲಿಷ್ ಎಚ್ಚರಿಕೆಯ ತಲೆಬರಹ ಸಂಪರ್ಕ ಪ್ರೈವೇಟ್ ಅಲ್ಲ ಎನ್ನುತ್ತದೆ. ಇದನ್ನು ರೂಢಿಯ ಪದ ಹಾಕಿ ಕನ್ನಡಿಸಿದರೆ ಖಾಸಗಿಯಲ್ಲ ಎಂದಾಗುತ್ತದೆ. ಆದರೆ ಕನ್ನಡದಲ್ಲಿ ಖಾಸಗಿ ಎಂಬುದಕ್ಕೆ ಗುಟ್ಟು ಎಂಬ ಅರ್ಥಕ್ಕಿಂತ ಮುಂಚೆ ಹೊಳೆಯುವುದು ಸರ್ಕಾರಿ ಎಂಬುದರ ವಿರುದ್ಧಾರ್ಥ. ಖಾಸಗಿ ಬಸ್ಸು, ಖಾಸಗಿ ಶಾಲೆ, ಖಾಸಗಿ ಆಸ್ಪತ್ರೆ. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಲು ಸರ್ಕಾರದ ತಾಣಕ್ಕೆ ಹೋದ ಹುಡುಗಿಗೆ, ಇದು ಖಾಸಗಿಯಲ್ಲ ಎಂದರೆ ಅವಳು, ಹೌದಲ್ಲ, ಸರ್ಕಾರದ್ದೇ ಅಂದುಕೊಂಡು ಧೈರ್ಯವಾಗಿ ಮುಂದೆ ಹೋದರೆ ತಪ್ಪು ಯಾರದು? ಸರ್ಟಿಫಿಕೇಟ್ ಎಂಬುದಕ್ಕೆ ಪ್ರಮಾಣಪತ್ರ ಹಾಕಿ, ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದು ನೋಡಿ. ಅದೇ ಹುಡುಗಿ ತನ್ನ ಆದಾಯ ಪ್ರಮಾಣಪತ್ರ ಹಳೆಯದಾಯಿತೇನೋ ಅಂತ ಗಾಬರಿಯಾಗಿ ಗ್ರಾಮ ಕಚೇರಿಗೆ ಓಡಿಯಾಳು. ಅಡ್ವಾನ್ಸ್‌ಡ್ ಎಂಬುದಕ್ಕೆ ತಂತ್ರಾಂಶ ಕನ್ನಡದಲ್ಲಿ ಸುಧಾರಿತ ಎಂಬ ಪದವಿದೆ. ಅಪಾಯದ ದಾರಿಯನ್ನು ಸುಧಾರಿತ ಎಂಬ ಗುಂಡಿಯ ಹಿಂದೆ ಇಟ್ಟರೆ, ಸುಧಾರಿಸಿದ್ದನ್ನು ಯಾರು ತಾನೇ ಬೇಡ ಅನ್ನುತ್ತಾರೆ?

ಪದಕ್ಕಿಂತ ಮುಖ್ಯ ಕ್ರಿಯಾರೂಪ. ಕಳ್ಳರು ನಿಮ್ಮ ಮಾಹಿತಿ ಕದಿಯಲು ಯತ್ನಿಸುತ್ತಿರಬಹುದು ಎಂಬ ವಾಕ್ಯ ವ್ಯಾಕರಣದಲ್ಲಿ ಸರಿ. ಆದರೆ ಅದರ ದನಿ ಹವಾಮಾನ ವರದಿಯದು, ಕರಾವಳಿಯಲ್ಲಿ ಸಾಧಾರಣ ಮಳೆಯಾಗಬಹುದು ಎಂಬ ಹಾಗೆ. ಅದೇ ಪುಟದ ಕೆಳಗೆ, ನೀವು ಮುಂದುವರಿಯಬಹುದು ಅಂತ ಇದ್ದರೆ ಕಳ್ಳನಿಗೂ ಬಹುದು, ನನಗೂ ಬಹುದು. ಕನ್ನಡದಲ್ಲಿ ಎಚ್ಚರಿಸಲೆಂದೇ ಬೇರೆ ರೂಪ ಇದೆ. ಶಾಲೆಯಲ್ಲಿ ಸಂಭಾವನಾರ್ಥಕ ಅಂತ ಕಲಿತೆವು: ಬಂದಾನು, ಬಂದೀತು. ಅಜ್ಜಿ ಮಗುವಿಗೆ ನೀನು ಬೀಳುವ ಸಂಭವವಿರಬಹುದು ಎನ್ನುವುದಿಲ್ಲ. ಬಿದ್ದೀಯ, ಜಾಗ್ರತೆ! ಅನ್ನುತ್ತಾಳೆ. ಕೈ ಸುಟ್ಟೀತು. ಹಾವು ಇದ್ದೀತು. ಈ ರೂಪದಲ್ಲಿ ಸಂಭವ ಮಾತ್ರ ಅಲ್ಲ, ಹೇಳುವವರ ಕಾಳಜಿಯೂ ಇದೆ. ಹೇಳುವವರು ಪಕ್ಕದಲ್ಲೇ ನಿಂತಿದ್ದಾರೆ. ಪಾಸ್‌ವರ್ಡ್ ಕದ್ದಾರು, ಇಲ್ಲಿ ಬರೆಯಬೇಡಿ ಎಂಬ ಎರಡು ತುಂಡು ವಾಕ್ಯ, ಬಹುದುಗಳ ಸಾಲಿಗಿಂತ ಹತ್ತಿರದಿಂದ ಕೇಳಿಸುತ್ತದೆ.

ಹಾಗಂತ ಕ್ರಿಯಾರೂಪ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅಜ್ಜಿಯ ಮಾತು ನಡೆಯುವುದು ಆ ರೂಪದಿಂದ ಮಾತ್ರವಲ್ಲ. ಅವಳು ಹಾವು ಅಂದಾಗ ಹೆಚ್ಚಿನ ಸಲ ಹಾವು ಇರುತ್ತದೆ. ಇನ್ನೊಂದು, ಅವಳಿಗೆ ಮಗು ಎಲ್ಲಿಗೆ ಹೊರಟಿದೆ ಅಂತ ಗೊತ್ತು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕಡೆಯ ಕನ್ನಡಿಗ ಸರ್ಕಾರದ ಮಾತನ್ನು ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಓದಿಕೊಂಡು ಬಂದಿದ್ದಾನೆ. ಅರ್ಥವಾಗದ ಕಡೆ ಇನ್ನೊಬ್ಬರನ್ನು ಕೇಳುವುದು ಅಭ್ಯಾಸ. ಆನ್‌ಲೈನ್ ಅರ್ಜಿಯೂ ಹಾಗೇ, ಪೇಟೆಯ ಅಂಗಡಿಯಲ್ಲಿ ಆಗುತ್ತದೆ. ಅಲ್ಲಿ ಎಚ್ಚರಿಕೆಯ ಪುಟ ಬಂದರೆ ಓದುವವನು ಆಪರೇಟರ್. ಕಳೆದುಕೊಳ್ಳುವವರು ಮೇಜಿನ ಈಚೆ ಕೂತ ಹೆಂಗಸು. ಅವನು, ಅದು ಹಾಗೇ ಬರ್ತದೆ ಅಕ್ಕ ಅಂತ ಹೇಳಿ ಒತ್ತುತ್ತಾನೆ. ಅವಳಿಗೆ ತಲುಪುವ ಅನುವಾದ ಅಷ್ಟೇ. ಆ ಅನುವಾದ ಸುಳ್ಳೂ ಅಲ್ಲ. ಅದು ಹಾಗೇ ಬರುತ್ತಲೇ ಇತ್ತು. ಅರ್ಜಿಗೆ ಕೊನೆಯ ದಿನಾಂಕವಿದೆ, ಆ ತಾಣ ಬಿಟ್ಟರೆ ಬೇರೆ ಬಾಗಿಲಿಲ್ಲ. ಸುರಕ್ಷತೆಗೆ ಹಿಂದಿರುಗಿ ಎನ್ನುವ ಗುಂಡಿ ಅವಳನ್ನು ಎಲ್ಲಿಗೆ ಕಳಿಸುತ್ತದೆ? ಅಂಗಡಿಯ ವಿಷಯ ಬಿಟ್ಟರೆ ನಗರದವರಿಗೆ ಇನ್ನೊಂದು ಬ್ಯಾಂಕು, ಇನ್ನೊಂದು ಮಾರಾಟದ ತಾಣ ಇದೆ. ಹಿಂದಿರುಗುವುದು ಅವರಿಗೆ ಆಯ್ಕೆ. ಒಂದೇ ಬಾಗಿಲಿರುವವರಿಗೆ ಅದು ಸೋಲು. ಹುಸಿ ಎಚ್ಚರಿಕೆಯ ಪಾಠವನ್ನು ಮೊದಲು ಕಲಿಯುವುದೂ ಅವರೇ, ನಿಜವಾದ ಕಳ್ಳ ಬಂದ ದಿನ ಅದರ ಬೆಲೆ ತೆರುವುದೂ ಅವರೇ.

7. ಒಳ್ಳೆಯ ಎಚ್ಚರಿಕೆಯ ಲಕ್ಷಣ

ಒಳ್ಳೆಯ ಉದಾಹರಣೆಗಳೂ ಇವೆ. ಯಂತ್ರದ ಗಡಿಯಾರ ತಪ್ಪಿದೆ ಎಂದು ಗೊತ್ತಾದರೆ ಕ್ರೋಮ್ ಈಗ ಕಳ್ಳರ ಮಾತೆತ್ತುವುದಿಲ್ಲ. ನಿಮ್ಮ ಗಡಿಯಾರ ಹಿಂದಿದೆ ಅಥವಾ ಮುಂದಿದೆ ಅಂತ ಹೇಳಿ ಸರಿಪಡಿಸಲು ಕೇಳುತ್ತದೆ. ವೈಫೈ ಲಾಗಿನ್ ಆಗದಿದ್ದರೆ ಅದನ್ನೇ ಹೇಳುತ್ತದೆ. ನನ್ನ ಪ್ರಕಾರ ಈ ಕ್ಷೇತ್ರದ ಅತ್ಯುತ್ತಮ ಗದ್ಯ ಇದು. ಕಾರಣ ಹೇಳುತ್ತದೆ, ಮಾಡಬೇಕಾದ್ದನ್ನು ಹೇಳುತ್ತದೆ, ಇಲ್ಲದ ಕಳ್ಳನನ್ನು ಕರೆಯುವುದಿಲ್ಲ. 2009ರ ಅಧ್ಯಯನದ ಒಂದು ಮಾದರಿಯೂ ನನಗೆ ಇಷ್ಟ. ಅದು ಹೆದರಿಸುವ ಮೊದಲು ಒಂದು ಪ್ರಶ್ನೆ ಕೇಳುತ್ತಿತ್ತು: ನೀವು ಹೊರಟಿರುವುದು ಯಾವ ಬಗೆಯ ತಾಣಕ್ಕೆ? ಬ್ಯಾಂಕು ಅಥವಾ ಅಂಗಡಿ ಅಂದರೆ ಮಾತ್ರ ಗಟ್ಟಿ ಎಚ್ಚರಿಕೆ. ಎಲ್ಲಿಗೆ ಹೊರಟೆ ಎಂದು ಕೇಳಿದವನಿಗೆ, ಹೋಗಬೇಡ ಎನ್ನುವ ಅಧಿಕಾರ ಬರುತ್ತದೆ.

ಹೀಗಾಗಿ ನಾನು ಒಳ್ಳೆಯ ಎಚ್ಚರಿಕೆಗೆ ನಾಲ್ಕು ಲಕ್ಷಣ ಹೇಳುತ್ತೇನೆ. ಅದು ಅಪರೂಪಕ್ಕೆ ಬರಬೇಕು. ಬಂದಾಗ ಕಾರಣವನ್ನು ಬೇರ್ಪಡಿಸಿ ಹೇಳಬೇಕು. ಇಲ್ಲಿ ಬೇಡ ಎಂದಮೇಲೆ ಎಲ್ಲಿಗೆ ಎಂದು ತೋರಿಸಬೇಕು. ಓದುಗನ ಭಾಷೆಯಲ್ಲಿ, ಪಕ್ಕದಲ್ಲಿ ನಿಂತವರ ದನಿಯಲ್ಲಿ ಮಾತಾಡಬೇಕು. ಮೊದಲ ಮೂರು ಇಲ್ಲದೆ ನಾಲ್ಕನೆಯದೊಂದೇ ಇದ್ದರೆ ಅದು ಬರೀ ಅಲಂಕಾರ. ಮೊದಲ ಮೂರು ಇದ್ದು ನಾಲ್ಕನೆಯದು ಇಲ್ಲದಿದ್ದರೆ ಅದು ನಮ್ಮವರಿಗೆ ತಲುಪುವುದಿಲ್ಲ. ಇನ್ನು ಸರ್ಟಿಫಿಕೇಟ್ ಅವಧಿ ಮೀರಿದ ಸಾರ್ವಜನಿಕ ತಾಣ ಇಟ್ಟುಕೊಂಡವರು, ತಾವು ದಿನಾ ಸಾವಿರಾರು ಓದುಗರಿಗೆ ಎಚ್ಚರಿಕೆಯನ್ನು ನಂಬಬೇಡಿ ಎಂಬ ಪಾಠ ಮಾಡುತ್ತಿದ್ದೇವೆ ಅಂತ ತಿಳಿದುಕೊಂಡರೆ ಒಳ್ಳೆಯದು.

ಸಂವಾದ

ಪ್ರಶ್ನೆ (ಅಧ್ಯಾಪಕರು): ಧ್ವನಿ ಎನ್ನುವುದು ಸಹೃದಯನಿಗೆ ಹೊಳೆಯುವ ಕಾವ್ಯಾರ್ಥ. ಅಭ್ಯಾಸಬಲದಿಂದ ಗುಂಡಿ ಒತ್ತುವುದನ್ನು ಧ್ವನಿ ಎಂದು ಕರೆದರೆ ಆ ಪದ ಸಡಿಲವಾಗುವುದಿಲ್ಲವೇ?

ಉತ್ತರ: ಸರ್, ರಸದವರೆಗೆ ನಾನು ಹೋಗಿಲ್ಲ. ಆನಂದವರ್ಧನ ಆ ಎರಡು ಉದಾಹರಣೆಗಳಲ್ಲಿ ತೋರಿಸುವುದು ವಾಚ್ಯಕ್ಕೂ ವ್ಯಂಗ್ಯಕ್ಕೂ ಸ್ವರೂಪದಲ್ಲೇ ಭೇದ ಇರಬಹುದು ಎಂಬುದನ್ನು. ಅಷ್ಟನ್ನು ಮಾತ್ರ ತೆಗೆದುಕೊಂಡಿದ್ದೇನೆ. ಒಂದು ವ್ಯತ್ಯಾಸ ಇದೆ. ಗಾಥೆಯಲ್ಲಿ ಆಹ್ವಾನ ನಾಯಿಕೆಯ ಉದ್ದೇಶ. ಇಲ್ಲಿ ವಿನ್ಯಾಸಕಾರರ ಉದ್ದೇಶ ನಿಷೇಧವೇ, ಸಂದರ್ಭ ಅದನ್ನು ಅನುಮತಿಯಾಗಿ ಮಾಡುತ್ತದೆ. ಅರ್ಥವನ್ನು ನಿರ್ಧರಿಸುವಲ್ಲಿ ಯಾರು, ಯಾರಿಗೆ, ಎಲ್ಲಿ ಎಂಬುದು ಮುಖ್ಯ ಅಂತ ಮೀಮಾಂಸಕರೂ ಹೇಳಿದ್ದಾರಲ್ಲ. ಬಟನ್ ಕೂಡ ಆ ಸಂದರ್ಭದ ಭಾಗ.

ಪ್ರಶ್ನೆ (ಹೊಸೂರು ಕಡೆಯ ವಿದ್ಯಾರ್ಥಿ): ಅಪಾಯ ಇದ್ದರೆ ಪೂರ್ತಿ ಮುಚ್ಚಿಬಿಡಬಹುದಲ್ಲ? ಮುಂದೆ ಹೋಗೋ ಗುಂಡಿಯೇ ಯಾಕೆ?

ಉತ್ತರ: ಕೆಲವು ಕಡೆ ಮುಚ್ಚಿದ್ದಾರೆ. ತಾಣವೇ ಮೊದಲೇ, ನನ್ನ ಬಳಿಗೆ ಸುರಕ್ಷಿತ ಸಂಪರ್ಕದಲ್ಲೇ ಬರಬೇಕು ಎಂದು ಬ್ರೌಸರಿಗೆ ತಿಳಿಸಿಟ್ಟಿದ್ದರೆ ಗುಂಡಿ ಕಾಣಿಸುವುದಿಲ್ಲ. ಬ್ಯಾಂಕಿನ ವಿಷಯದಲ್ಲಿ ಅದು ನ್ಯಾಯ. ಆದರೆ ಕಳ್ಳತನ ಯಾವುದು, ಮರೆವು ಯಾವುದು ಎಂದು ಬ್ರೌಸರಿಗೆ ಖಚಿತವಾಗಿ ತಿಳಿಯದ ಕಡೆ ಎಲ್ಲವನ್ನೂ ಮುಚ್ಚಿದರೆ, ಯಾರದೋ ಮರೆವಿಗೆ ಅರ್ಜಿದಾರ ಶಿಕ್ಷೆ ಅನುಭವಿಸುತ್ತಾನೆ. ಮುಚ್ಚುವ ಮೊದಲು ಇನ್ನೊಂದು ಬಾಗಿಲು ತೆರೆದಿರಬೇಕು.

ಪ್ರಶ್ನೆ (ಸೊಲ್ಲಾಪುರ ಕಡೆಯವರು): ನಮ್ಮ ಕಡೆ ಬಿದ್ದೀಯ ಅನ್ನಂಗಿಲ್ರಿ, ಬಿದ್ದಗಿದ್ದೀ, ಹುಷಾರ್ ಅಂತೀವಿ. ಮತ್ತ ಫೋನ್ ಎಲ್ಲಾರದೂ ಮರಾಠಿ ಇಲ್ಲಾ ಇಂಗ್ಲಿಷ್‌ನ್ಯಾಗ ಇರ್ತಾವ. ಕನ್ನಡದ ಎಚ್ಚರಿಕೆ ಯಾರು ನೋಡ್ತಾರ?

ಉತ್ತರ: ನೀವು ಹೇಳಿದ್ದು ಬಹಳ ಮುಖ್ಯ. ನಮ್ಮಲ್ಲೂ ಹಾಗೇ. ಎಚ್ಚರಿಕೆ ಫೋನಿನ ಭಾಷೆಯಲ್ಲಿ ಬರುತ್ತದೆ, ಓದುವವರ ಭಾಷೆಯಲ್ಲಿ ಅಲ್ಲ. ಫೋನನ್ನು ಯಾವುದಾದರೂ ಒಂದು ಭಾಷೆಯಲ್ಲಿ ಇಡಲೇಬೇಕು, ಗಡಿನಾಡಿನ ಮನೆ ಒಂದು ಭಾಷೆಯದಲ್ಲ. ಇಡೀ ಫೋನನ್ನು ಕನ್ನಡ ಮಾಡಿ ಅಂತ ನಾನು ಕೇಳುವುದಿಲ್ಲ. ಆ ಒಂದು ಪುಟದಲ್ಲಾದರೂ ಭಾಷೆ ಬದಲಿಸಿಕೊಳ್ಳುವ, ಓದಿ ಹೇಳಿಸಿಕೊಳ್ಳುವ ಸೌಲಭ್ಯ ಇರಲಿ. ಆಗ ಬಿದ್ದೀಯವೋ ಬಿದ್ದಗಿದ್ದಿಯೋ, ಹೇಳಿದ್ದು ಮೇಜಿನ ಈಚೆ ಕೂತವರ ಕಿವಿಗೂ ಬೀಳುತ್ತದೆ. ಮುಂದೆ ಹೋಗಬೇಕೋ ಬೇಡವೋ ಎಂಬುದನ್ನು ಕಳೆದುಕೊಳ್ಳುವವರೇ ತೀರ್ಮಾನಿಸಿದ ಹಾಗಾಗುತ್ತದೆ.